ಹೆಸರು ತಿಳಿಯದ ನೆಂಟ

ಸೋದರಿಯರೇ, ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಉಳಿದ ಮಾತು.

ನಮ್ಮದು ತೊಕ್ಕೊಟ್ಟಿನಲ್ಲಿ ಹೆದ್ದಾರಿಯಿಂದ ಸ್ವಲ್ಪವೇ ಒಳಗಿರುವ ಹಳೆಯ ಹೆಂಚಿನ ಮನೆ. ಕರೆಂಟಿನ ಗೀಸರು ಉಂಟು, ಆದರೂ ಮಳೆಗಾಲದಲ್ಲಿ ಬಚ್ಚಲಿನ ಹಂಡೆಯ ನೀರೇ ಆಗಬೇಕು ನಮ್ಮ ಅತ್ತೆಗೆ. ಒಂದು ಆಟಿ ತಿಂಗಳ ಸಂಜೆ ಮಡಲು, ತೆಂಗಿನ ಸಿಪ್ಪೆ ಎಲ್ಲ ನೆನೆದು ತೊಪ್ಪೆಯಾಗಿತ್ತು. ಎಷ್ಟು ಊದಿದರೂ ಒಲೆ ಹೊತ್ತಲಿಲ್ಲ. ಹೊಸ ಫ್ರಿಜ್ಜಿನ ಪೆಟ್ಟಿಗೆಯೊಳಗೆ ಬಂದಿದ್ದ ಬಿಳಿ ಥರ್ಮೊಕೋಲ್ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ಕಸವೂ ಖಾಲಿಯಾಯಿತು, ಒಲೆಯೂ ಹೊತ್ತಿತು ಅಂತ ನಾಲ್ಕು ತುಂಡು ಮುರಿದು ಒಲೆಗೆ ತುರುಕಿದೆ.

ಹೊತ್ತಿತು, ಭಗ್ಗೆಂದು ಹೊತ್ತಿತು! ಆದರೆ ಅದರ ಹೊಗೆಯನ್ನು ನೀವು ನೋಡಬೇಕಿತ್ತು. ಕಾಡಿಗೆಯಂಥ ಕಪ್ಪು, ಎಳೆ ಎಳೆಯಾಗಿ ಹಾರಾಡುವ ಮಸಿ, ಜೊತೆಗೆ ಗಂಟಲಿಗೆ ಅಂಟಿಕೊಳ್ಳುವ ಒಂದು ಥರ ಸಿಹಿ ಸಿಹಿ ವಾಸನೆ. ಮೊದಲೇ ದಮ್ಮಿನವರಾದ ಅತ್ತೆ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತಿದ್ದರು. ಎರಡು ನಿಮಿಷದಲ್ಲಿ ಅವರಿಗೆ ಉಸಿರು ಹಿಡಿಯಿತು. ಮನೆಯವರು ರಿಕ್ಷಾ ತಂದು ಡಾಕ್ಟರ ಹತ್ತಿರ ಓಡಿದ್ದು, ರಾತ್ರಿಯಿಡೀ ನಾನು ಅವರ ಮಂಚದ ಕಾಲಬಳಿ ಕೂತಿದ್ದು, ಅದೆಲ್ಲ ಈಗ ಬೇಡ. ಅತ್ತೆ ಹುಷಾರಾದರು. ಆದರೆ ಡಾಕ್ಟರು ಕೇಳಿದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು: ‘‘ಎಂತ ಸುಟ್ಟದ್ದು ನೀವು?’’

‘‘ಥರ್ಮೊಕೋಲ್’’ ಅಂದೆ. ‘‘ಅದರಲ್ಲಿ ಎಂತ ಉಂಟು ಗೊತ್ತುಂಟಾ?’’ ಅಂದರು. ಗೊತ್ತಿರಲಿಲ್ಲ. ನನ್ನ ಮನೆಯೊಳಗೇ ಇರುವ ವಸ್ತು, ನನ್ನ ಕೈಯಾರೆ ಒಲೆಗೆ ಹಾಕಿದ ವಸ್ತು, ಆದರೆ ಹೆಸರೇ ಗೊತ್ತಿಲ್ಲ! ನಮ್ಮ ಬೀದಿಯಲ್ಲಿರುವ ನಿವೃತ್ತ ವಿಜ್ಞಾನ ಮೇಷ್ಟ್ರ ಹತ್ತಿರ ಹೋಗಿ ಕೇಳಿ ತಿಳಿದೆ, ಮಗಳ ಪುಸ್ತಕ ತಿರುವಿ ನೋಡಿದೆ. ಹಾಗೆ ತಿಳಿದುಕೊಂಡದ್ದನ್ನು ನಿಮಗೆ ಹೇಳೋಣ ಅಂತಲೇ ಈ ಬರಹ.

ಶಿಲಾರಸದ ಕಥೆ

ಆ ವಸ್ತುವಿನ ಹೆಸರು ಸ್ಟೈರೀನ್. ನೋಡಲಿಕ್ಕೆ ನೀರಿನ ಹಾಗೆ ಬಣ್ಣವಿಲ್ಲದ, ಸ್ವಲ್ಪ ಎಣ್ಣೆಯಂಥ ದ್ರವ. ಬೇಗ ಆವಿಯಾಗುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಇವತ್ತು ಕಾರ್ಖಾನೆಗಳಲ್ಲಿ ಇದನ್ನು ಕಲ್ಲೆಣ್ಣೆಯಿಂದ ಬರುವ ಬೆಂಜೀನ್ ಮತ್ತು ಎಥಿಲೀನ್ ಎಂಬ ಎರಡು ವಸ್ತುಗಳಿಂದ ಮಾಡುತ್ತಾರೆ. ಆದರೆ ಇದರ ಹುಟ್ಟು ಮಾತ್ರ ಕಾರ್ಖಾನೆಯಲ್ಲಿ ಅಲ್ಲ, ಮರದಲ್ಲಿ.

ಗ್ರಂಥಿಗೆ ಅಂಗಡಿಯಲ್ಲಿ ಧೂಪಕ್ಕೂ ಔಷಧಿಗೂ ಶಿಲಾರಸ ಅಂತ ಒಂದು ಅಂಟು ಸಿಗುತ್ತದಲ್ಲ, ಟರ್ಕಿ ದೇಶದ ಕಡೆಯ ಒಂದು ಮರದಿಂದ ಇಳಿಯುವಂಥದು, ಅದೇ ಜಾತಿಯ ಅಂಟನ್ನು 1839ರಲ್ಲಿ ಬರ್ಲಿನ್ ನಗರದ ಎಡ್ವರ್ಡ್ ಸೈಮನ್ ಎಂಬ ಔಷಧಿ ವ್ಯಾಪಾರಿ ಭಟ್ಟಿ ಇಳಿಸಿದ. ಬಂದ ಎಣ್ಣೆಗೆ ‘ಸ್ಟೈರಾಲ್’ ಅಂತ ಹೆಸರಿಟ್ಟ. ಸೀಸೆಯಲ್ಲಿ ಹಾಕಿಟ್ಟು ಕೆಲವು ದಿನ ಬಿಟ್ಟು ನೋಡುತ್ತಾನೆ, ಎಣ್ಣೆ ಹೋಗಿ ಲೋಳೆಯಂತೆ ಗಟ್ಟಿಯಾಗಿದೆ! ಯಾರೂ ಏನೂ ಬೆರೆಸಿರಲಿಲ್ಲ. ಗಾಳಿ ತಾಗಿ ಹೀಗಾಗಿರಬೇಕು ಅಂತ ಅವನು ಎಣಿಸಿದ.

ನಿಜ ಸಂಗತಿ ಬೇರೆ. ಸ್ಟೈರೀನಿನ ಕಣಗಳು ತಮ್ಮಷ್ಟಕ್ಕೆ ತಾವೇ ಒಂದರ ಕೈ ಒಂದು ಹಿಡಿದುಕೊಂಡು, ಮಲ್ಲಿಗೆ ಮಾಲೆ ಕಟ್ಟಿದ ಹಾಗೆ ಉದ್ದುದ್ದ ಸರವಾಗಿಬಿಡುತ್ತವೆ. ಆ ಸರವೇ ಪಾಲಿಸ್ಟೈರೀನ್, ಅಂದರೆ ಪ್ಲಾಸ್ಟಿಕ್. ಹೀಗೆ ಸರವಾಗುವ ಗುಟ್ಟನ್ನು ಜರ್ಮನಿಯ ಹರ್ಮನ್ ಸ್ಟಾಡಿಂಗರ್ ಎಂಬ ವಿಜ್ಞಾನಿ 1920ರಿಂದ ಮುಂದೆ ಬಿಡಿಸಿ ಹೇಳಿದರು. ಅವರಿಗೆ 1953ರಲ್ಲಿ ನೊಬೆಲ್ ಪಾರಿತೋಷಕವೂ ಬಂತು.

ಸುಮ್ಮನೆ ಬಿಟ್ಟರೆ ತಾನೇ ಗಟ್ಟಿಯಾಗುವ ಈ ಗುಣವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮನೆಯಲ್ಲಿ ಎಲ್ಲೆಲ್ಲಿ?

ನಮ್ಮ ಮನೆಗೆ ಮೀನು ತರುವ ಬಾಯಮ್ಮ ಬಂಗುಡೆ, ಬೂತಾಯಿಯನ್ನು ಐಸು ಹಾಕಿ ಇಡುವ ಬಿಳಿ ಪೆಟ್ಟಿಗೆ ಉಂಟಲ್ಲ, ಅದು ಸ್ಟೈರೀನಿನದ್ದೇ. ಪಾಲಿಸ್ಟೈರೀನಿನ ಸಣ್ಣ ಮಣಿಗಳಿಗೆ ಹಬೆ ಕೊಟ್ಟರೆ ಅರಳಿನ ಹಾಗೆ ಉಬ್ಬುತ್ತವೆ. ಅವನ್ನು ಅಚ್ಚಿನಲ್ಲಿ ಒತ್ತಿದರೆ ಥರ್ಮೊಕೋಲ್. ಅದರಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಬರೀ ಗಾಳಿ. ಅದಕ್ಕೇ ಅಷ್ಟು ಹಗುರ, ಅದಕ್ಕೇ ತಂಪು ಹಿಡಿದಿಡುತ್ತದೆ.

ಮಿಕ್ಸಿಯ ಮೈ, ಟಿ.ವಿ.ಯ ಚೌಕಟ್ಟು, ಹೆಲ್ಮೆಟ್ಟಿನ ಹೊರಚಿಪ್ಪು ಮುಂತಾದವುಗಳಿಗೆ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕನ್ನು ಬಳಸುತ್ತಾರೆ. ಅದರಲ್ಲಿ ಸ್ಟೈರೀನಿನ ಜೊತೆಗೆ ಬ್ಯೂಟಾಡೈಈನ್, ಅಕ್ರಿಲೊನೈಟ್ರೈಲ್ ಎಂಬ ಇನ್ನಿಬ್ಬರು ನೆಂಟರೂ ಇದ್ದಾರೆ. ಸ್ಟೈರೀನ್ ಮತ್ತು ಬ್ಯೂಟಾಡೈಈನ್ ಇವೆರಡೇ ಕೂಡಿದರೆ ಸಿಗುವುದು ಕೃತಕ ರಬ್ಬರು. ಕಾರಿನ ಟಯರು, ಚಪ್ಪಲಿಯ ಅಟ್ಟೆ ಎಲ್ಲದಕ್ಕೂ ಇದು ಬೇಕು.

ನಮ್ಮ ಸುಳ್ಯ, ಬೆಳ್ತಂಗಡಿ ಕಡೆಯಲ್ಲಿ ರಬ್ಬರು ಮರ ಇರುವಾಗ ಈ ಕೃತಕ ರಬ್ಬರು ಯಾಕೆ ಅಂತ ನೀವು ಕೇಳಬಹುದು. ಎರಡನೆಯ ಮಹಾಯುದ್ಧದಲ್ಲಿ, 1942ರ ಮೊದಲ ತಿಂಗಳುಗಳಲ್ಲಿ, ಜಪಾನು ಮಲಯಾ ದೇಶವನ್ನು ಹಿಡಿಯಿತು. ಅಮೆರಿಕೆಗೆ ಹೋಗುತ್ತಿದ್ದ ಮರದ ರಬ್ಬರು ನಿಂತೇಹೋಯಿತು. ಆಗ ಅವರು ತುರ್ತಾಗಿ ಕಾರ್ಖಾನೆಗಳನ್ನು ಕಟ್ಟಿ ಸುಮಾರು ಕಾಲು ಪಾಲು ಸ್ಟೈರೀನ್, ಮುಕ್ಕಾಲು ಪಾಲು ಬ್ಯೂಟಾಡೈಈನ್ ಸೇರಿಸಿ ರಬ್ಬರು ಮಾಡತೊಡಗಿದರು. ಯುದ್ಧ ಮುಗಿಯಿತು, ರಬ್ಬರು ಉಳಿಯಿತು.

ಹಾಗೆಂದು ಎಲ್ಲ ಪ್ಲಾಸ್ಟಿಕ್ಕೂ ಸ್ಟೈರೀನಿನದ್ದಲ್ಲ. ನಮ್ಮ ಮಂಗಳೂರಿನ ಎಂ.ಆರ್.ಪಿ.ಎಲ್. ತೈಲಾಗಾರದಲ್ಲಿ 2015ರಿಂದ ತಯಾರಾಗುತ್ತಿರುವುದು ಪಾಲಿಪ್ರೊಪಿಲೀನ್. ಅದು ಅಕ್ಕಿಚೀಲ, ಕುರ್ಚಿ, ಡಬ್ಬಗಳ ಪ್ಲಾಸ್ಟಿಕ್, ಅದರ ಮೂಲವಸ್ತು ಬೇರೆ. ಅಕ್ಕಿಯಲ್ಲಿ ಕುಚ್ಚಲು, ಬೆಳ್ತಿಗೆ ಅಂತ ಇದ್ದ ಹಾಗೆ ಪ್ಲಾಸ್ಟಿಕ್ಕಿನಲ್ಲೂ ಜಾತಿಗಳು ಹಲವು.

ವಿಶಾಖಪಟ್ಟಣದ ಆ ನಸುಕು

ಮೇಷ್ಟ್ರು ಸ್ಟೈರೀನ್ ಅಂತ ಹೇಳಿದಾಗ ಈ ಹೆಸರನ್ನು ಮೊದಲೇ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತ್ತು. ಆಮೇಲೆ ಹೊಳೆಯಿತು, 2020ನೆಯ ಇಸವಿಯ ಲಾಕ್‌ಡೌನಿನಲ್ಲಿ! ಎಲ್ಲರೂ ಮನೆಯಲ್ಲೇ ಕೂತು ಟಿ.ವಿ. ನೋಡುತ್ತಿದ್ದ ಕಾಲ. ಮೇ 7ರ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದವಳು ಸಟ್ಟುಗ ಹಿಡಿದುಕೊಂಡೇ ಟಿ.ವಿ. ಮುಂದೆ ನಿಂತುಬಿಟ್ಟಿದ್ದೆ. ರಸ್ತೆಯಲ್ಲಿ ನಡೆಯುತ್ತಿದ್ದವರು ಹಾಗೆಯೇ ಕುಸಿದು ಬೀಳುತ್ತಿದ್ದರು. ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಜನ ಓಡುತ್ತಿದ್ದರು. ದನಗಳು ಸತ್ತು ಬಿದ್ದಿದ್ದವು.

ಅದು ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರ. ಅಲ್ಲಿನ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯಲ್ಲಿ ಸ್ಟೈರೀನಿನಿಂದ ಪಾಲಿಸ್ಟೈರೀನ್ ಮಾಡುತ್ತಿದ್ದರು. ಆ ಕಾರ್ಖಾನೆ 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಅಂತ ಶುರುವಾದದ್ದು. 1978ರಲ್ಲಿ ಬೆಂಗಳೂರಿನ ಯು.ಬಿ. ಗುಂಪಿನ ಮೆಕ್‌ಡೊವೆಲ್ ಕಂಪೆನಿಯಲ್ಲಿ ಸೇರಿತು, 1997ರಲ್ಲಿ ಕೊರಿಯಾ ದೇಶದ ಎಲ್.ಜಿ.ಯ ಕೈಗೆ ಹೋಯಿತು. ಊರು ಬೆಳೆಯುತ್ತ ಬೆಳೆಯುತ್ತ ಕಾರ್ಖಾನೆಯ ಗೋಡೆಯವರೆಗೂ ಮನೆಗಳಾದವು.

ಲಾಕ್‌ಡೌನಿನಿಂದಾಗಿ ಮಾರ್ಚಿ ಕೊನೆಯಿಂದ ಕಾರ್ಖಾನೆ ನಿಂತಿತ್ತು. ಒಂದು ದೊಡ್ಡ ಟ್ಯಾಂಕಿನಲ್ಲಿ ಸುಮಾರು 1,800 ಟನ್ ಸ್ಟೈರೀನ್ ಹಾಗೆಯೇ ಕೂತಿತ್ತು. ಮೇ 7ರ ನಸುಕಿಗೆ, ಸುಮಾರು ಮೂರು ಗಂಟೆಗೆ, ಟ್ಯಾಂಕಿನಿಂದ ಆವಿ ಉಕ್ಕಿ ಮನೆಗಳ ಮೇಲೆ ಬಂತು. ಹನ್ನೆರಡು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಸತ್ತವರಲ್ಲಿ ಮಕ್ಕಳೂ ಇದ್ದರು.

ಗೊಬ್ಬರದ ಗುಂಡಿಯ ಲೆಕ್ಕ

ನಿಂತ ಕಾರ್ಖಾನೆಯಲ್ಲಿ, ಯಾರೂ ಮುಟ್ಟದ ಟ್ಯಾಂಕಿನಲ್ಲಿ, ಬೆಂಕಿಯೇ ಇಲ್ಲದೆ ಇದು ಹೇಗಾಯಿತು? ನನಗೂ ಅರ್ಥವಾಗಿರಲಿಲ್ಲ. ಮೇಷ್ಟ್ರು ಒಂದೇ ಮಾತಿನಲ್ಲಿ ಹೇಳಿದರು: ‘‘ಹಟ್ಟಿಗೊಬ್ಬರದ ಗುಂಡಿ ನೋಡಿದ್ದೀರಲ್ಲಮ್ಮ?’’

ನೋಡದೆ ಉಂಟೇ! ತವರಿನಲ್ಲಿ ಗೊಬ್ಬರ ಹೊರುವಾಗ ಮೇಲಿನ ಸೊಪ್ಪು ಸರಿಸಿದರೆ ಒಳಗಿನಿಂದ ಹಬೆ ಏಳುತ್ತಿತ್ತು, ಕಾಲಿಟ್ಟರೆ ಸುಡುತ್ತಿತ್ತು. ಯಾರೂ ಬೆಂಕಿ ಇಟ್ಟದ್ದಲ್ಲ. ಕೊಳೆಯುವಾಗ ಬಿಸಿ ಹುಟ್ಟುತ್ತದೆ. ರಾಶಿ ದೊಡ್ಡದಾದಷ್ಟು ಆ ಬಿಸಿ ಹೊರಗೆ ಹೋಗಲಾರದೆ ಒಳಗೇ ಕೂಡುತ್ತದೆ. ಸ್ಟೈರೀನೂ ಹಾಗೆಯೇ. ಕಣಗಳು ಸರ ಕಟ್ಟುವಾಗ ಬಿಸಿ ಹುಟ್ಟುತ್ತದೆ, ಬಿಸಿ ಹೆಚ್ಚಿದಂತೆ ಸರ ಇನ್ನೂ ಬೇಗ ಕಟ್ಟುತ್ತದೆ, ಅದರಿಂದ ಇನ್ನೂ ಬಿಸಿ. ಸೈಮನ್ನನ ಸೀಸೆಯಲ್ಲಿ ಲೋಳೆಯಾದದ್ದು ಇಲ್ಲಿ 1,800 ಟನ್ನಿನ ಟ್ಯಾಂಕಿನಲ್ಲಿ ಆಯಿತು. ಸ್ಟೈರೀನ್ ಕುದಿಯುವುದು 145 ಡಿಗ್ರಿಯಲ್ಲಿ. ಬಿಸಿ ಏರುತ್ತ ಏರುತ್ತ ಕೊನೆಗೆ ಹಾಲು ಉಕ್ಕಿದ ಹಾಗೆ ಆವಿ ಹೊರಗೆ ಬಂತು.

ಹೀಗಾಗದಂತೆ ಎರಡು ಉಪಾಯ ಉಂಟು. ಒಂದು, ಅದನ್ನು ಸದಾ ತಂಪಾಗಿ ಇಡಬೇಕು. ಇನ್ನೊಂದು, ಟಿ.ಬಿ.ಸಿ. ಎಂಬ ಔಷಧಿಯನ್ನು ಸ್ವಲ್ಪ ಬೆರೆಸಬೇಕು. ಅದು ಸ್ಟೈರೀನನ್ನು ಮಲಗಿಸಿಡುತ್ತದೆ. ಆದರೆ ದಿನ ಕಳೆದಂತೆ ಔಷಧಿ ಸವೆಯುತ್ತದೆ, ನೋಡಿ ನೋಡಿ ಮತ್ತೆ ಹಾಕುತ್ತಿರಬೇಕು. ಆಂಧ್ರ ಸರಕಾರ ನೇಮಿಸಿದ ಉನ್ನತ ಸಮಿತಿ 2020ರ ಜುಲೈಯಲ್ಲಿ ವರದಿ ಕೊಟ್ಟಿತು. ಆ ಟ್ಯಾಂಕಿಗೆ ಹಾಕಲು ಔಷಧಿಯ ದಾಸ್ತಾನು ಇರಲಿಲ್ಲ. ತಂಪುಮಾಡುವ ಯಂತ್ರವನ್ನು ಸಂಜೆ ನಿಲ್ಲಿಸುತ್ತಿದ್ದರು. ಬಿಸಿ ಅಳೆಯುವ ಸಾಧನ ಟ್ಯಾಂಕಿನ ತಳದಲ್ಲಿ ಮಾತ್ರ ಇತ್ತು, ಮೇಲಿನ ಪದರ ಕಾಯುತ್ತಿದ್ದುದು ಯಾರಿಗೂ ಕಾಣಲಿಲ್ಲ. ಇನ್ನು ಅಪಾಯದ ಸೈರನ್ನು, ಅದೂ ಕೂಗಲಿಲ್ಲ.

ಈ ಕೊನೆಯ ಮಾತು ಕೇಳಿ ನನಗೆ ಬಹಳ ಸಂಕಟವಾಯಿತು. ಮಲಗಿದ್ದ ತಾಯಂದಿರಿಗೆ ಎಬ್ಬಿಸುವವರಿಲ್ಲ, ಎದ್ದವರಿಗೆ ಅದು ಎಂತ ವಾಸನೆ, ಯಾವ ಕಡೆ ಓಡಬೇಕು ಅಂತ ಹೇಳುವವರಿಲ್ಲ. ಸ್ಟೈರೀನಿನ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದುಕೊಂಡು ಹರಿಯುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗುವವರು, ಚಿಕ್ಕ ಮಕ್ಕಳು, ಹಟ್ಟಿಯ ದನಕರು, ಇವರಿಗೇ ಅದು ಮೊದಲು ತಾಗುವುದು.

ನಮ್ಮ ತೊಕ್ಕೊಟ್ಟಿನ ಮಾತು

ವಿಶಾಖಪಟ್ಟಣ ಎಲ್ಲಿ, ನಮ್ಮ ತೊಕ್ಕೊಟ್ಟು ಎಲ್ಲಿ, ನಮಗ್ಯಾಕೆ ಈ ತಲೆಬಿಸಿ ಅಂತ ಅನ್ನಿಸಬಹುದು. ನಮ್ಮ ಊರಿನಲ್ಲಿ ಅಂಥ ಟ್ಯಾಂಕಿಲ್ಲ, ಸರಿ. ಆದರೆ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಮಧ್ಯದಲ್ಲೇ ಹಾದುಹೋಗುತ್ತದಲ್ಲ? ಪಣಂಬೂರು, ಬೈಕಂಪಾಡಿ ಕಡೆಯಿಂದ ನೇತ್ರಾವತಿ ಸೇತುವೆ ದಾಟಿ ತಲಪಾಡಿಯ ಮೂಲಕ ಕೇರಳಕ್ಕೆ ಹೋಗುವ ಟ್ಯಾಂಕರುಗಳು ಹಗಲು ರಾತ್ರಿ ಹೋಗುತ್ತಲೇ ಇರುತ್ತವೆ. 2019ರಲ್ಲಿ ಮೇಲ್ಸೇತುವೆ ಆದ ಮೇಲೆ ಅವು ನಮ್ಮ ತಲೆಯ ಮೇಲಿನಿಂದಲೇ ಹೋಗುತ್ತವೆ ಅನ್ನಬಹುದು.

ನಮ್ಮ ಕಡೆಯವರು ಮರೆಯಲಾಗದ ಎರಡು ದಿನ ಉಂಟು. 2012ರ ಆಗಸ್ಟ್ 27ರಂದು ಮಂಗಳೂರಿನಿಂದ ಹೋದ ಅಡುಗೆ ಅನಿಲದ ಟ್ಯಾಂಕರು ಕಣ್ಣೂರಿನ ಚಾಲದಲ್ಲಿ ಮಗುಚಿ ಹೊತ್ತಿಕೊಂಡು ಇಪ್ಪತ್ತು ಜನ ತೀರಿಹೋದರು. 2013ರ ಏಪ್ರಿಲ್ 9ರಂದು ನಮ್ಮ ಬಂಟ್ವಾಳ ತಾಲೂಕಿನ ಪೆರ್ನೆಯಲ್ಲೂ ಹಾಗೆಯೇ ಆಯಿತು. ಅದು ಅಡುಗೆ ಅನಿಲ, ಸ್ಟೈರೀನ್ ಅಲ್ಲ. ಆದರೆ ಎರಡೂ ಗಾಳಿಗಿಂತ ಭಾರ, ಎರಡೂ ನೆಲ ಹಿಡಿದು ಹರಿಯುವಂಥವು.

ಒಂದು ದಿನ ಜಂಕ್ಷನ್ನಿನ ಹತ್ತಿರ ಒಂದು ಟ್ಯಾಂಕರು ಕೆಟ್ಟು ನಿಂತಿತ್ತು. ‘‘ಅದರಲ್ಲಿ ಎಂತ ಉಂಟು?’’ ಅಂತ ಅತ್ತೆ ಕೇಳಿದರು. ಮೊದಲಾದರೆ ‘‘ಯಾರಿಗೆ ಗೊತ್ತು’’ ಅನ್ನುತ್ತಿದ್ದೆ. ಈಗ ಹಿಂಬದಿಯ ಫಲಕ ನೋಡಿ ‘‘ಪೆಟ್ರೋಲು’’ ಅಂದೆ. ಹೇಗೆ ಗೊತ್ತಾಯಿತು ಅಂತೀರಾ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ವಸ್ತು ಒಯ್ಯುವ ಪ್ರತಿ ವಾಹನದ ಎರಡು ಬದಿಗೂ ಹಿಂದೆಯೂ ಒಂದು ಫಲಕ ಇರಲೇಬೇಕು. ಅದರಲ್ಲಿ ವಸ್ತುವಿನ ಹೆಸರು, ದೊಡ್ಡದಾಗಿ ಒಂದು ಸಂಖ್ಯೆ, ಅಪಾಯದ ಚಿತ್ರ, ತುರ್ತಿಗೆ ಫೋನ್ ನಂಬರು. ಸಂಖ್ಯೆ ಇಡೀ ಜಗತ್ತಿಗೆ ಒಂದೇ. ನಾನು ಬರೆದಿಟ್ಟುಕೊಂಡದ್ದು ಇಷ್ಟು:

1075 – ಅಡುಗೆ ಅನಿಲ
1203 – ಪೆಟ್ರೋಲು
1202 – ಡೀಸೆಲು
1005 – ಅಮೋನಿಯಾ
1010 – ಬ್ಯೂಟಾಡೈಈನ್
2055 – ಸ್ಟೈರೀನ್

ಫೋನಿನಲ್ಲಿ ಅಗ್ನಿಶಾಮಕದವರಿಗೆ ‘‘ಟ್ಯಾಂಕರು ಬಿದ್ದಿದೆ’’ ಅನ್ನುವುದಕ್ಕೂ ‘‘2055 ಅಂತ ಬರೆದ ಟ್ಯಾಂಕರು ಬಿದ್ದಿದೆ’’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ, ನೀವೇ ಯೋಚಿಸಿ. ಆದರೆ ನಂಬರು ನೋಡಲಿಕ್ಕೆಂದು ಬಿದ್ದ ಟ್ಯಾಂಕರಿನ ಹತ್ತಿರ ಮಾತ್ರ ಹೋಗಬೇಡಿ. ದೂರದಿಂದ ಕಂಡರೆ ಹೇಳಿ, ಇಲ್ಲದಿದ್ದರೆ ಬೇಡ.

ಕೇಳುವ ಹಕ್ಕು

ಕಾರ್ಖಾನೆಯ ಸುತ್ತಮುತ್ತ ಇರುವ ಸೋದರಿಯರಿಗೆ ಇನ್ನೊಂದು ಮಾತು. 1984ರ ಭೋಪಾಲ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿದರು. ಅಪಾಯಕಾರಿ ವಸ್ತು ಬಳಸುವ ಕಾರ್ಖಾನೆಯವರು ಅದರ ವಿಷಯವನ್ನು ಕೆಲಸಗಾರರಿಗೆ ಮಾತ್ರವಲ್ಲ, ಸುತ್ತಲಿನ ಜನರಿಗೂ ತಿಳಿಸಬೇಕು. 1989ರ ನಿಯಮಗಳ ಪ್ರಕಾರ ಗೋಡೆಯ ಹೊರಗಿನವರಿಗಾಗಿಯೂ ತುರ್ತು ಯೋಜನೆ ಇರಬೇಕು. 1996ರ ನಿಯಮಗಳ ಪ್ರಕಾರ ಇದಕ್ಕಾಗಿ ಜಿಲ್ಲಾ ಮಟ್ಟದಲ್ಲೂ ಸ್ಥಳೀಯ ಮಟ್ಟದಲ್ಲೂ ಸಮಿತಿಗಳಿರಬೇಕು. ಹಾಗಾಗಿ ಗ್ರಾಮಸಭೆಯಲ್ಲೋ ವಾರ್ಡು ಸಭೆಯಲ್ಲೋ ಎದ್ದು ನಿಂತು ‘‘ಅಲ್ಲಿ ಏನು ಶೇಖರಿಸಿದ್ದೀರಿ? ಸೈರನ್ನು ಕೂಗಿದರೆ ನಾವು ಯಾವ ಕಡೆ ಹೋಗಬೇಕು?’’ ಅಂತ ಕೇಳಿದರೆ ಅದು ಜಗಳವಲ್ಲ, ನಮ್ಮ ಹಕ್ಕು. ನಾವು ಹೆಂಗಸರು ಕೇಳಲೇಬೇಕು. ಯಾಕೆಂದರೆ ಮನೆಯಲ್ಲಿ ಮಕ್ಕಳ ಜೊತೆ, ಮುದುಕರ ಜೊತೆ ಹೆಚ್ಚು ಹೊತ್ತು ಇರುವವರು ನಾವೇ ಅಲ್ಲವೇ?

ಗೃಹಿಣಿಯರು ನೆನಪಿಡಬೇಕಾದ್ದು

• ಥರ್ಮೊಕೋಲನ್ನು ಒಲೆಗೆ, ಕಸದ ಬೆಂಕಿಗೆ ಹಾಕಲೇಬೇಡಿ. ಸುಟ್ಟರೆ ಸ್ಟೈರೀನಿನ ಆವಿ, ಮಸಿ, ಇಂಗಾಲದ ವಿಷಾನಿಲ ಎಲ್ಲ ಬರುತ್ತದೆ. ಒಣಕಸದವರಿಗೆ ಕೊಡಿ.

• ಬಿಸಿ ಸಾಂಬಾರು, ಎಣ್ಣೆಯ ತಿಂಡಿ, ಹುಳಿ ಪದಾರ್ಥಗಳನ್ನು ಥರ್ಮೊಕೋಲ್ ತಟ್ಟೆ, ಲೋಟಗಳಲ್ಲಿ ಬಡಿಸಬೇಡಿ. ಬಿಸಿಗೂ ಎಣ್ಣೆಗೂ ಸ್ವಲ್ಪ ಸ್ವಲ್ಪ ಸ್ಟೈರೀನ್ ಆಹಾರಕ್ಕೆ ಇಳಿಯುತ್ತದೆ. ನಂಬಿಕೆಯಿಲ್ಲದಿದ್ದರೆ ಕಿತ್ತಳೆ ಸಿಪ್ಪೆಯನ್ನು ಥರ್ಮೊಕೋಲಿನ ಮೇಲೆ ಹಿಂಡಿ ನೋಡಿ, ಸಿಪ್ಪೆಯ ಎಣ್ಣೆ ಬಿದ್ದಲ್ಲಿ ಗುಳಿ ಬೀಳುತ್ತದೆ! ಮಕ್ಕಳಿಗೂ ತೋರಿಸಿ.

• ನಮ್ಮ ರಾಜ್ಯದಲ್ಲಿ 2016ರಿಂದಲೂ ಇಡೀ ದೇಶದಲ್ಲಿ 2022ರ ಜುಲೈ 1ರಿಂದಲೂ ಥರ್ಮೊಕೋಲ್ ತಟ್ಟೆ, ಲೋಟಗಳಿಗೆ ನಿಷೇಧ ಉಂಟು. ನಮ್ಮ ಜಿಲ್ಲೆಯಲ್ಲಿ ಅಡಿಕೆ ಹಾಳೆಯ ತಟ್ಟೆಗೆ ಬರವೇ? ಬಾಳೆ ಎಲೆಗೆ ಬರವೇ?

• ಐಸು ಹಾಕಿದ ಮೀನಿನ ಪೆಟ್ಟಿಗೆಗೆ ಹೆದರಬೇಕಾಗಿಲ್ಲ. ತಣ್ಣಗಿರುವಾಗ ಗಟ್ಟಿ ಪಾಲಿಸ್ಟೈರೀನಿನಿಂದ ಅಂಥ ತೊಂದರೆಯಿಲ್ಲ. ದ್ರವವಾಗಿ, ಆವಿಯಾಗಿ ಇರುವ ಸ್ಟೈರೀನೇ ಅಪಾಯ. ಅದರ ಜೊತೆ ದಿನವೂ ಕೆಲಸ ಮಾಡುವವರು ಬಹಳ ಜಾಗ್ರತೆಯಲ್ಲಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಇದನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎಂಬ ಗುಂಪಿಗೆ ಸೇರಿಸಿದೆ.

• ಎಲ್ಲಾದರೂ ಅನಿಲ ಸೋರಿದರೆ ಗಾಳಿ ಬೀಸುವ ದಿಕ್ಕು ನೋಡಿ ಅದಕ್ಕೆ ಅಡ್ಡವಾಗಿ, ಎತ್ತರದ ಜಾಗಕ್ಕೆ ಹೋಗಿ. ತಗ್ಗಿಗೆ, ಚರಂಡಿಯ ಕಡೆಗೆ ಹೋಗಬೇಡಿ. ಬೆಂಕಿಕಡ್ಡಿ ಗೀರಬೇಡಿ, ಸ್ವಿಚ್ಚು ಮುಟ್ಟಬೇಡಿ. ಹೊರಗೆ ಹೋಗಲಾಗದಿದ್ದರೆ ಕಿಟಿಕಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಇಡಿ. ಮೂಗಿಗೆ ಒದ್ದೆ ಬಟ್ಟೆ ಹಿಡಿದರೆ ಅಲ್ಪಸ್ವಲ್ಪ ಸಹಾಯ, ಅದನ್ನೇ ನಂಬಿ ಕೂರಬೇಡಿ. ಕಣ್ಣು ಉರಿದರೆ ಕಾಲು ಗಂಟೆ ನೀರಿನಲ್ಲಿ ತೊಳೆಯಿರಿ. ತುರ್ತಿಗೆ 112.

ಇಷ್ಟೆಲ್ಲ ಬರೆದದ್ದು ಯಾರನ್ನೂ ಹೆದರಿಸಲಿಕ್ಕಲ್ಲ. ಸ್ಟೈರೀನ್ ಬೇಡವೇ ಬೇಡ ಅಂದರೆ ನಮ್ಮ ಮನೆಯವರ ತಲೆಯ ಹೆಲ್ಮೆಟ್ಟೂ ಇಲ್ಲ, ನನ್ನ ಮಿಕ್ಸಿಯೂ ಇಲ್ಲ. ಮನೆಗೆ ನೆಂಟರು ಬಂದರೆ ಅವರ ಹೆಸರೇನು, ಊರೇನು, ಯಾವುದು ಅವರಿಗೆ ಆಗಿಬರುವುದಿಲ್ಲ ಅಂತ ಕೇಳಿ ತಿಳಿದುಕೊಳ್ಳುತ್ತೇವೆ. ಹೇಳದೆ ಕೇಳದೆ ಒಳಗೆ ಬಂದು ಕೂತ ಈ ನೆಂಟನ ವಿಷಯದಲ್ಲೂ ಅಷ್ಟು ಮಾಡಿದರೆ ಸಾಕು.

ನಮ್ಮ ಬಚ್ಚಲ ಒಲೆಗೆ ಈಗ ಮಳೆಗಾಲ ಶುರುವಾಗುವ ಮೊದಲೇ ಒಣ ಸಿಪ್ಪೆಯನ್ನು ಅಟ್ಟಕ್ಕೆ ಏರಿಸಿ ಇಡುತ್ತೇನೆ. ಮೊನ್ನೆ ಮಗಳು ಹೊಸ ಮಿಕ್ಸಿಯ ಪೆಟ್ಟಿಗೆ ಬಿಚ್ಚುತ್ತಿದ್ದಳು. ಅತ್ತೆ ಕೂತಲ್ಲಿಂದಲೇ ಕೂಗಿ ಹೇಳಿದರು: ‘‘ಆ ಬಿಳಿದನ್ನು ನಿನ್ನ ಅಮ್ಮನ ಕೈಗೆ ಕೊಡಬೇಡ ಮಾರಾಯ್ತಿ!’’